ಕಡೇ ಬಾಗಲದ ಹಿಂದಿನ ರಾಗ

ನಮ್ಮ ಟಿವಿ ರಿಪೇರಿ ಅಂಗಡ್ಯಾಗ ನಗಸಾಕ ಯಾರೂ ಜೋಕ್ ಹೇಳಬೇಕಿಲ್ಲ, ಐತವಾರ ಬಂತಂದ್ರ ಒಂದಿಲ್ಲೊಂದು ತಾನಾಗೇ ನಡೀತೈತಿ.

ಹೊಸಪೇಟ್ಯಾಗ ನಾ ಕೈ ಹಾಕದ ಟಿವಿ ಇಲ್ಲ. ಓದಿದ್ದು ನಾಕನೇತ್ತ. ಆದ್ರ ದೊಡ್ಡ ದೊಡ್ಡ ಡಿಗ್ರಿ ಮಾಡಿದೋರು ಕೈಬಿಟ್ಟ ಸೆಟ್ಟು ನನ್ನ ಬೆಂಚಿನ ಮ್ಯಾಗ ಬಂದು ಮಾತಾಡ್ಯಾವ. ಈಗಿನ ಹಲಗಿಯಂಥ ಟಿವಿ ನಾ ಮುಟ್ಟಂಗಿಲ್ಲ, ಅದಕ್ಕ ಹೊಟ್ಟೀನ ಇಲ್ಲ. ಅಂಗಡಿ ಮೂಲ್ಯಾಗ ಒಂದು ಹಳೇ ಡಬ್ಬಾ ಟಿವಿ ಐತಿ, ಅದರ ಮುಂದ ಒಂದು ವಿಡಿಯೋ ಗೇಮು, ಅದಕ್ಕ ಒಂದೇ ಕ್ಯಾಸೆಟ್ಟು. ಕತ್ತಿ ಹಿಡ್ದ ಒಬ್ಬ ಹುಡುಗ ಊರೂರು ತಿರುಗಿ, ಮಂದೀನ ಮಾತಾಡ್ಸಿ, ದೆವ್ವ ಬಡ್ದು, ಕಡೀಕ ಒಂದು ಕ್ವಾಟಿ ಮುಟ್ಟಬೇಕು. ಒಂದಿನದಾಗ ಮುಗಿಯೋ ಆಟಲ್ಲ. ಆಡಿದಷ್ಟನ್ನ ಕ್ಯಾಸೆಟ್ಟೇ ನೆನಪಿಟ್ಕೊಂತೈತಿ, ಮೂರು ಮಂದೀದು. ಮೊದಲನೇದು ಎಮ್ಮಿಗನೂರಿನ ರೈಸ್ ಮಿಲ್ ಸಾವ್ಕಾರಂದು. ಎರಡನೇದು ಹಂಪಿ ಕಡೆ ಒಂದು ಗುಡಿ ಪೂಜಿ ಮಾಡೋ ಆಚಾರ್ರದು. ಮೂರನೇ ಹೆಸರು ಇಂಗ್ಲಿಷಿನಾಗ, ಓದಾಕ ಬರದ ಯಾರದು ಅಂತ ಅವ್ರು ಕೇಳಿದ್ರು. ನಾ ಗತ್ತಿಲೆ ಹೇಳಿದೆ: "ಅದು ಕಂಪನಿಯೋರು ಹಾಕಿ ಕೊಟ್ಟಿದ್ದು. ಮುಟ್ಟಬ್ಯಾಡ್ರಿ."

ಮಂದಿ ಮನಿ ಗಡಿಗಿ

ಸಾವ್ಕಾರ ಮೊದಲ ಸಲ ಬಂದಿದ್ದು ಟಿವಿ ರಿಪೇರಿಗೆ. ನಾ ಸೆಟ್ಟು ಬಿಚ್ಚೋತನಕ ಸುಮ್ಮನ ಯಾಕ ಕುಂದರ್ಬೇಕಂತ ಆಟ ಕೈಯಾಗ ಕೊಟ್ಟೆ. ಕೊಟ್ಟಿದ್ದು ಈ ಜನ್ಮಕ್ಕ ಬಿಟ್ಟಿಲ್ಲ. ಅವನ್ನ ಹಿಡಿದಿದ್ದು ಸಂಗೀತ. ಆ ಆಟದಾಗ ಊರಿಗೊಂದು ರಾಗ, ಗವಿಗೊಂದು, ಜಗಳಕ್ಕೊಂದು, ಗೆದ್ರ ಒಂದು.

ಆಟದಾಗ ಯಾರ ಮನೀಗೆ ಬೇಕಾದ್ರೂ ಹೊಕ್ಕು, ಗಡಿಗಿ ಒಡ್ದು, ಪೆಟಗಿ ತೆಗ್ದು, ಸಿಕ್ಕಿದ್ದು ತಗೋಬೋದು. ಸಾವ್ಕಾರ ಒಲ್ಲೆ ಅಂದ.

"ಮಂದಿ ಮನ್ಯಾಗ ಕೈ ಹಾಕೋದಾ? ನಮ್ಮಪ್ಪ ನನಗ ಅದನ್ನ ಕಲಿಸಿಲ್ಲಲೇ."

"ಅದು ಆಟ ಮಾರಾಯ!"

"ಆಟದಾಗ ಕಳುವು ಮಾಡಿದ ಕೈ ಮಿಲ್ಲಿನಾಗ ಸುಮ್ಮನಿರತೈತೇನು?"

ಒಂದು ಗಡಿಗಿ ಮುಟ್ಟಲಿಲ್ಲ. ಕೈಯಾಗಿನ ಕಟಗಿ ಕತ್ತಿಲೇ ಬಡದಾಡಿ ಬಡದಾಡಿ, ವರ್ಷಾನುಗಟ್ಲೆ ಆಡಿ, ಕಡೇ ಕ್ವಾಟಿ ಮುಟ್ಟಿದ. ಅಲ್ಲೊಂದು ದೊಡ್ಡ ಬಾಗಲ, ಅದಕ್ಕ ಕೀಲಿ. ಕೀಲೀಕೈ ಎಲ್ಲೈತೋ ಗೊತ್ತಿಲ್ಲ. ಬಾಗಲದ ಮುಂದ ಕುಂತು ಅಂದ: "ಎಲ್ಲಾ ಊರಿನ ರಾಗ ಕೇಳಿದೆ. ಈ ಬಾಗಲದ ಹಿಂದ ಯಾವ ರಾಗ ಐತೋ, ಅದೊಂದು ಕೇಳಬೇಕಲೇ. ಅಷ್ಟಾದ್ರ ಸಾಕು."

ಕೀಲೀಕೈಗಾಗಿ ಹಳೇ ಊರೆಲ್ಲಾ ಮತ್ತ ತಿರುಗಿದ. ಮೊದಲನೇ ಊರಾಗ ಒಂದು ಮುದುಕಿ ಮನಿ. ಮಾತಾಡ್ಸಿದ್ರ ಇಂಗ್ಲಿಷಿನಾಗ ಏನೋ ಅಂತಾಳ. ಸಾವ್ಕಾರ ನನ್ನ ಕಡೆ ನೋಡಿದ. ಟಿವಿ ಹಿಂದ ಬರ್ದಿದ್ದೆಲ್ಲಾ ಓದೋ ಮನಷ್ಯಾ ನಾನು, ಇದ್ಯಾವ ಲೆಕ್ಕ?

"ಊಟ ಆತೇನಪ್ಪಾ ಅಂತ ಕೇಳಾಕತ್ತಾಳ."

ಸಾವ್ಕಾರ ಟಿವಿಗೆ ಕೈ ಮುಗ್ದು, "ಆತ್ರಿ ಯವ್ವಾ" ಅಂದು ಹೊರಗ ಬಂದ. ಅವತ್ತಿಂದ ಪ್ರತೀ ಐತವಾರ ಅಕೀನ ಮಾತಾಡ್ಸೇ ಮುಂದಿನ ಕೆಲಸ. ತನ್ನ ಬೀಗರನ್ನೂ ಅಷ್ಟು ವಿಚಾರ್ಸಿಲ್ಲ ಅವ.

ಛತ್ರದ ಅಡಿಗಿ

ಆಚಾರ್ರದು ಬ್ಯಾರೇ ತಕರಾರು. ಆಟದಾಗ ಪೆಟ್ಟು ತಿಂದ್ರ ಛತ್ರದಾಗ ಮಲಗಿ ಎದ್ರ ಸಾಕು, ಪೂರಾ ಶಕ್ತಿ ಬರತೈತಿ. ಆಚಾರ್ರು ಛತ್ರದ ಹೊಸ್ತಿಲ ದಾಟಲಿಲ್ಲ.

"ಅಲ್ಲಿ ಯಾರು ಅಡಿಗಿ ಮಾಡ್ತಾರೋ, ಏನು ಕಥೀನೋ. ನಮ್ಮ ಹುಡುಗ ಹೊರಗಿಂದು ತಿನ್ನೋದಿಲ್ಲ."

"ಅಲ್ರೀ ಆಚಾರ್ರ, ಅವ ಬೊಂಬಿ!"

"ಬೊಂಬಿ ಇರಬಹುದು. ಆಡಿಸೋನು ನಾನಲ್ಲೇನು?"

ಹುಡುಗ ಉಪವಾಸ ಬಿದ್ದು, ಹನ್ನೊಂದು ಸಲ ಸತ್ತ. ಹನ್ನೆರಡನೇ ಸಲಕ್ಕ ನಾನೇ ಗುಂಡಿ ಒತ್ತಿ ಛತ್ರದೊಳಗ ನೂಕಿದೆ. ಮಲಗೋ ರಾಗ ಬಂತು, ನಾಕೇ ಸ್ವರ, ತೊಟ್ಲ ತೂಗಿದಂಗ. ಆಚಾರ್ರು ಕಣ್ಣು ಮುಚ್ಚಿದ್ರು. ಶಲ್ಯದ ತುದಿ ಹಿಡ್ಕೊಂಡು ತಾಳ ಹಾಕಿದ್ರು.

"ಇನ್ನೊಮ್ಮೆ ಮಲಗಿಸ್ರಿ."

ಮಲಗಿಸಿದೆ.

"ಇಷ್ಟು ಶುದ್ಧ ನುಡಿಸೋ ಮಂದಿ ಸ್ನಾನ ಮಾಡಿಯೇ ಅಡಿಗಿ ಮಾಡಿರ್ತಾರ ಬಿಡ್ರಿ" ಅಂದ್ರು. ಅವತ್ತಿಂದ ಅವರ ಹುಡುಗ ಪೆಟ್ಟು ತಿನ್ಲಿ ಬಿಡ್ಲಿ, ದಿನಕ್ಕ ಆರು ಸಲ ಮಲಗ್ತಾನ.

ಆಯುಧ ಪೂಜಿ

ಒಂದು ವರ್ಷ ಆಯುಧ ಪೂಜಿಗೆ ನಾ ಬೆಸಗಿ ಕಡ್ಡಿ, ಮೀಟರು, ಸ್ಕ್ರೂ ಡ್ರೈವರು ಎಲ್ಲಾದಕ್ಕೂ ಕುಂಕುಮ ಹಚ್ಚಿದೆ. ಗೇಮಿಗೆ ಮಾತ್ರ ಯಾಕ ಕಮ್ಮಿ? ಕ್ಯಾಸೆಟ್ಟು ಹಾಕೋ ಬಾಯಾಗ ಒಂದು ಚಿಟಿಕಿ ಜಾಸ್ತೀನ ಹಾಕಿದೆ, ಒಳಗಿನ ದೇವ್ರಿಗೂ ಮುಟ್ಲಿ ಅಂತ. ಐತವಾರ ಹಚ್ಚಿದ್ರ ಚಿತ್ರಿಲ್ಲ, ಬರೇ ಸಂಗೀತ.

"ಇರ್ಲಿ ಬಿಡು" ಅಂದ ಸಾವ್ಕಾರ, "ನನಗ ರಾಗ ಸಾಕು, ದಾರಿ ಗೊತ್ತೈತಿ." ಕರೀ ಪರದಿ ಮುಂದ ಕುಂತು ಆಡಾಕ ಸುರು ಮಾಡಿದ. "ಇದು ಊರು... ಈಗ ಬಯಲು... ಬಂತು ನೋಡು ದೆವ್ವ, ಬಡೀ... ಗೆದ್ದೆ!" ಆಚಾರ್ರು "ಭಲೇ" ಅಂತಿದ್ರು. ಗ್ವಾಡಿ ಆಚೀಗೆ ನಮ್ಮ ಮನಿಯಾಕಿ ಚಾ ಕುದಿಸ್ತಾ ಏನೋ ಗುಣಗುಣ ಅಂತಿದ್ಲು. ಎರಡು ತಾಸು ಯಾರಿಗೂ ಚಿತ್ರದ ನೆನಪ ಬರಲಿಲ್ಲ.

ನಾ ಸುಮ್ಮನಿರಲಾರದ ಡಬ್ಬಿಗೆ ಒಂದು ಏಟು ಬಿಟ್ಟೆ. ಚಿತ್ರ ಬಂತು. ನೋಡ್ತೀವಿ, ಸಾವ್ಕಾರನ ಹುಡುಗ ಯಾರದೋ ಅಡಿಗಿ ಮನ್ಯಾಗ, ಗಡಿಗಿ ಸಾಲಿನ ನಟ್ಟನಡುವೆ ನಿಂತಾನ.

ಸಾವ್ಕಾರ ಎರಡೂ ಕೈ ಮ್ಯಾಗೆತ್ತಿ ಒದರಿದ: "ನಾ ಏನೂ ಮುಟ್ಟಿಲ್ಲಪ್ಪೋ!"

ಬೀಗರು ಬಂದ್ರು

ಸಾವ್ಕಾರನ ಮಗಳ ಮದವಿಗೆ ಕಂಪ್ಲಿ ಬ್ಯಾಂಡಿನೋರು. ಹುಡುಗಿ ಮಂಟಪಕ್ಕ ಬರೋವಾಗ ಆಟದ ಗೆದ್ದ ರಾಗ ನುಡಿಸಬೇಕು ಅಂತ ಸಾವ್ಕಾರನ ಆಸಿ. ಬ್ಯಾಂಡಿನೋರಿಗೆ ಬಾಯಿಲೇ ಕಲಿಸಿದೋನು ನಾನು. ಎರಡು ರಾಗ ಕಲಿಸಿದ್ದೇ ತಪ್ಪಾತು. ಬೀಗಿತ್ತಿ ಕಾರಿನಿಂದ ಕಾಲು ಕೆಳಗಿಡೋದಕ್ಕೂ, ಬ್ಯಾಂಡಿನೋರು ದೊಡ್ಡ ದೆವ್ವ ಬಂದಾಗಿನ ರಾಗ ಹಚ್ಚೋದಕ್ಕೂ ಸರಿ ಹೋತು.

ಸಾವ್ಕಾರನ ಬಲಗೈ ತಾನಾಗೇ ಸೊಂಟಕ್ಕ ಹೋತು, ಕತ್ತಿ ಹುಡುಕಾಕ. ಆಚಾರ್ರು ನನ್ನ ಕಿವ್ಯಾಗ, "ಛತ್ರ ಎಲ್ಲೈತ್ರಿ?" ಅಂದ್ರು.

ಬೀಗಿತ್ತಿಗೆ ಮಾತ್ರ ಭಾಳ ಹಿಡಿಸ್ತು. "ಬ್ಯಾಂಡು ಮಸ್ತ್ ಐತ್ರಿ" ಅಂದ್ಲು. ಈಗ ಆ ಕಡೆ ಎಲ್ಲಾ ಮದವ್ಯಾಗೂ ಬೀಗರನ್ನ ಅದೇ ರಾಗದಾಗ ಇದಿರುಗೊಳ್ತಾರ. ನನ್ನ ಕೊಡುಗಿ ಅದು.

ಗುಂಡು ಸೆಲ್ಲು

ಈ ವರ್ಷ ಒಂದು ಐತವಾರ ಗೇಮು ಹಚ್ಚಿದ್ರ ಮೂರೂ ಹೆಸರು ಮಿಣಮಿಣ ಅಂದ್ವು. ನನಗ ಗೊತ್ತಾತು. ಕ್ಯಾಸೆಟ್ಟಿನೊಳಗ ಒಂದು ಗುಂಡು ಸೆಲ್ಲು ಇರತೈತಿ, ಅದರ ಮ್ಯಾಗೇ ನೆನಪು ನಿಂತಿರೋದು. ಅದು ಸತ್ರ ಸಾವ್ಕಾರನ ಇಷ್ಟು ವರ್ಷದ ತಿರುಗಾಟ ಎಲ್ಲಾ ಅಳಿಸಿ ಹೊಕ್ಕೈತಿ.

ಸಾವ್ಕಾರ ಬಿಳೇ ಮಾರಿ ಮಾಡ್ಕೊಂಡು ಕುಂತ. "ಮತ್ತ ಮೊದಲಿಂದ ಆಡಾಕ ನನ್ನ ಕಡೆ ಅಷ್ಟು ಐತವಾರ ಎಲ್ಲದಾವಲೇ?"

"ನಾ ಇರೋತನಕ ನಿನಗ್ಯಾಕ ಚಿಂತಿ?" ಅಂದೆ. ಉಪಾಯ ಐತಿ. ಪಕ್ಕದಾಗ ವೈರಿಲೆ ಇನ್ನೊಂದು ಸೆಲ್ಲು ಕಟ್ಟಿ, ಕರೆಂಟು ಒಂದು ಕ್ಷಣಾನೂ ತಪ್ಪದಂಗ ನೋಡ್ಕೊಂಡು, ಹಳೇದು ತೆಗ್ದು ಹೊಸಾದು ಬೆಸೀಬೇಕು. ಕ್ಯಾಸೆಟ್ಟು ಬಿಚ್ಚಿದೆ. ಬೆಸಗಿ ಕಡ್ಡಿ ಹಿಡ್ದೆ. ಕೈ ನಡುಗಾಕತ್ತು. ಕೆಮ್ಮಿದಂಗ ಮಾಡಿದೆ, ಕಡ್ಡಿ ಸರಿಯಿಲ್ಲ ಅಂದೆ, ಬೆಳಕು ಸಾಲ್ದು ಅಂದೆ. ಇಬ್ರೂ ನನ್ನ ಕೈ ನೋಡಿದ್ರು.

ಅಂಗಡಿ ಹಿಂದೇ ನಮ್ಮ ಮನಿ. ಚಾ ತಂದ ನಮ್ಮ ಮನಿಯಾಕಿ ಲೋಟ ಇಟ್ಲು, ಕಡ್ಡಿ ಇಸ್ಕೊಂಡ್ಲು. "ಸರೀರಿ ಅತ್ತಾಗ." ರೊಟ್ಟಿ ತಿರುವಿದಷ್ಟು ಸಲೀಸು ವೈರು ಕಟ್ಟಿ, ಹಳೇ ಸೆಲ್ಲು ಎತ್ತಿ, ಹೊಸಾದು ಬೆಸ್ದು, ಊದಿ ಕೊಟ್ಲು.

"ಯಾವಾಗ ಕಲ್ತಿ?"

"ಇಷ್ಟು ವರ್ಷ ನೋಡಾಕತ್ತೀನಿ. ಮಾಡೋನಕಿಂತ ನೋಡೋನಿಗೆ ಜಾಸ್ತಿ ಕಾಣತೈತ್ರಿ."

ಗೇಮು ಹಚ್ಚಿದ್ವಿ. ಮೂರೂ ಹೆಸರು ಗಟ್ಟಿ ನಿಂತಿದ್ವು. ಸಾವ್ಕಾರ ಕೈ ಮುಗ್ದ. ಅಕಿ ಮೂರನೇದರ ಮ್ಯಾಗ ಬಟ್ಟಿಟ್ಟು, "ನಂದೂ ಉಳೀತು" ಅಂದ್ಲು.

"ಏನು? ಅದು ಕಂಪನಿಯೋರ್ದಲ್ಲ?"

"ನೀವು ವಡ್ಡು, ಸಂಡೂರು ಅಂತ ರಿಪೇರಿಗೆ ಹೋದಾಗ ಮಧ್ಯಾಹ್ನ ಆಡ್ತಿದ್ದೆ. ಮುಗ್ಸಿ ಭಾಳ ವರ್ಷಾತು. ಹತ್ತನೇತ್ತ ಓದೀನಿ, ನನ್ನ ಹೆಸರು ಬರಿಯಾಕ ಬರಂಗಿಲ್ಲೇನು?"

"ಹೇಳಬಾರ್ದಾ ಮತ್ತ?"

"ಕಂಪನಿ ಅಂದ್ರಲ್ಲ. ಕಂಪನಿ ಎಲ್ಯಾರ ಮಾತಾಡತೈತಾ?"

ಸಾವ್ಕಾರ ಎದ್ದು ನಿಂತ. "ಯವ್ವಾ, ಆ ಕೀಲೀಕೈ ಎಲ್ಲಿ ಸಿಕ್ತು?"

"ಮೊದಲನೇ ಊರಿನ ಮುದುಕಿ ಮನಿ ಗಡಿಗ್ಯಾಗ."

"ಮಂದಿ ಗಡಿಗಿ! ನಾ ಒಲ್ಲೆ."

"ಅಯ್ಯ, ಅಕೀನ ಹೇಳ್ತಾಳಲ್ಲ! 'ಗಡಿಗ್ಯಾಗ ಕೀಲೀಕೈ ಇಟ್ಟೀನಿ, ತಗೊಂಡು ಹೋಗಪ್ಪಾ' ಅಂತ. ಮಾತಾಡ್ಸಿದಾಗೆಲ್ಲಾ ಅದೇ ಹೇಳ್ತಾಳ."

ಸಾವ್ಕಾರ ನಿಧಾನಕ ನನ್ನ ಕಡೆ ತಿರುಗಿದ. "ಇಷ್ಟು ವರ್ಷ ಅಕಿ ಕೀಲೀಕೈ ತಗೋ ಅಂತಾಳ, ನಾ ಊಟ ಆತ್ರಿ ಅಂತೀನಿ!"

ಆಚಾರ್ರು ಶಲ್ಯ ಬಾಯಿಗೆ ಒತ್ಕೊಂಡು ನಗಾಕತ್ತಿದ್ರು. ನಾ ಟಿವಿ ಹಿಂದ ಹೋಗಿ ಒಂದು ವೈರು ಹುಡುಕಾಕತ್ತೆ.

ಸಾವ್ಕಾರ ಮುದುಕಿಗೆ ಕೈ ಮುಗ್ದು, ಜೀವನದಾಗ ಮೊದಲನೇ ಗಡಿಗಿ ಒಡ್ದ. ಕ್ವಾಟಿಗೆ ಹೋದ. ಬಾಗಲ ತೆಗೀತು. ರಾಗ ಬಂತು.

ನಾವು ಮೂವರೂ ಉಸ್ರು ಹಿಡ್ದು ಕೇಳಿದ್ವಿ. ಸಾವ್ಕಾರನ ಹುಬ್ಬು ಮ್ಯಾಗ ಹೋದ್ವು. "ಇದನ್ನ ನಾ ಕೇಳೀನಲ್ಲಲೇ! ಇಲ್ಲೇ ಕೇಳೀನಿ!"

ಹೌದು. ನಮ್ಮ ಮನಿಯಾಕಿ ಚಾ ಕುದಿಸ್ತಾ ಗುಣಗುಣ ಅಂತಿದ್ಲಲ್ಲ, ಅದೇ ರಾಗ. ಪ್ರತೀ ಐತವಾರ, ಗ್ವಾಡಿ ಆಚೀಗೆ. ಸಾವ್ಕಾರ ಕಣ್ಣು ಒರಿಸ್ಕೊಂಡ. ಆಮ್ಯಾಲೆ ಎಷ್ಟು ನಕ್ಕ ಅಂದ್ರ, ಕುರ್ಚಿ ಹಿಡೀಬೇಕಾತು.

ಹೋಗೋಕ್ಕಿಂತ ಮೊದಲ ಮತ್ತ ಹಳೇ ಊರಿಗೆ ಹೋಗಿ ಮುದುಕೀನ ಮಾತಾಡ್ಸಿದ. ಈ ಸಲ ಅಕಿ ಬ್ಯಾರೇ ಏನೋ ಅಂದ್ಲು. "ಓದವ್ವಾ, ನೀ ಓದು" ಅಂದ, ನನ್ನ ಬಾಯಿಗೆ ಕೈ ಅಡ್ಡ ಇಟ್ಟು.

ನಮ್ಮ ಮನಿಯಾಕಿ ಪರದಿ ನೋಡಿದ್ಲು. ನನ್ನನ್ನೂ ನೋಡಿದ್ಲು. "'ಊಟ ಆತೇನಪ್ಪಾ' ಅಂತ ಕೇಳಾಕತ್ತಾಳ."

ಸಾವ್ಕಾರನ ಕೈ ಕಿತ್ತು ಒಗ್ದೆ. "ನಾ ಅವತ್ತೇ ಹೇಳಿದ್ದಿಲ್ಲೇನಲೇ!"