ಮಂಜುಗಡ್ಡೆಯ ಮೇಲೆ ಮಡಿ

ಟಿವಿ ನೋಡಿ ಮಕ್ಕಳು ಕೆಡುತ್ತಾರೆಂದು ಲೋಕವೆಲ್ಲ ಬಾಯಿ ಬಡಿದುಕೊಳ್ಳುತ್ತದೆ. ಶಾಲೆಯಿಂದ ಚೀಟಿ ಬರುತ್ತದೆ, ಮಕ್ಕಳ ಡಾಕ್ಟರು ಉಪದೇಶ ಮಾಡುತ್ತಾರೆ. ಆದರೆ ಟಿವಿ ನೋಡಿ ಅತ್ತೆಯಂದಿರು ಏನಾಗಬಹುದೆಂದು ಈ ಅಮೆರಿಕದಲ್ಲಿ ಒಬ್ಬರೂ ನನ್ನನ್ನು ಎಚ್ಚರಿಸಲಿಲ್ಲ. ಈ ವಿಷಯದಲ್ಲಿ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಿತು ಎಂದುಕೊಂಡು ಕಾಫಿ ಲೋಟ ಎತ್ತಿದರೆ ಕಿವಿಯಲ್ಲಿ ಆ ‘ಟಕ್’ ಎಂಬ ಸದ್ದು ಕೇಳಿಸುತ್ತದೆ. ಲೋಟವನ್ನು ಹಾಗೇ ಕೆಳಗಿಡುತ್ತೇನೆ.

ಬ್ಯಾಂಕುಗಳು ಒಂದರ ಮೇಲೊಂದು ಮುಗ್ಗರಿಸುತ್ತಿದ್ದ ಚಳಿಗಾಲ ಅದು. ಮ್ಯಾನ್‌ಹಟನ್‌ನಲ್ಲಿದ್ದ ನನ್ನ ಕೆಲಸವೂ ಹೋಗಿ, ವೆಸ್ಟ್ ವಿಂಡ್ಸರ್‌ನ ಅಪಾರ್ಟ್‌ಮೆಂಟಿನಲ್ಲಿ ಪೈಜಾಮ ತೊಟ್ಟು ಕೂತಿದ್ದೆ. ಹೆಂಡತಿ ಶೈಲಾ ಆಫೀಸಿಗೆ, ಮಗಳು ಅನು ಶಾಲೆಗೆ ಹೋದಮೇಲೆ ಮನೆಯಲ್ಲಿ ಉಳಿಯುತ್ತಿದ್ದವರು ನಾನು ಮತ್ತು ಮೈಸೂರಿನಿಂದ ಬಂದಿದ್ದ ನನ್ನ ಅತ್ತೆ. ಕೆಲಸವಿಲ್ಲದ ಅಳಿಯ, ಬಿಸಿಲಿಲ್ಲದ ಊರಿಗೆ ಬಂದ ಅತ್ತೆ. ಇಬ್ಬರಿಗೂ ಮಾತು ಬೇಗ ಮುಗಿದುಹೋಗುತ್ತಿತ್ತು. ಆಗ ಅನು ತನ್ನ ಕೊರಿಯನ್ ಗೆಳತಿಯ ಮನೆಯಿಂದ ಒಂದು ಡಿವಿಡಿ ಪೆಟ್ಟಿಗೆ ತಂದುಕೊಟ್ಟಳು. ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಕಲಿಯುವ ಹುಡುಗ ಹುಡುಗಿಯರ ಧಾರಾವಾಹಿ. ದೇಶದ ಆಯ್ದ ಮಕ್ಕಳೆಲ್ಲ ಒಂದೇ ಹಾಸ್ಟೆಲಿನಲ್ಲಿದ್ದು, ಬೀಳುತ್ತ, ಏಳುತ್ತ, ಒಬ್ಬರನ್ನೊಬ್ಬರು ದ್ವೇಷಿಸುತ್ತ, ಪ್ರೀತಿಸುತ್ತ ದೊಡ್ಡವರಾಗುವ ಕಥೆ.

ಅತ್ತೆಗೆ ಕೊರಿಯನ್ ಹೆಸರುಗಳು ನಾಲಿಗೆಗೆ ಹತ್ತಲಿಲ್ಲ. ನಾಯಕಿಗೆ ಪುಟ್ಟಿ ಎಂದೂ, ಸದಾ ಗದರುವ ಕೋಚಿಗೆ ಸಿಡುಕಪ್ಪ ಎಂದೂ ನಾಮಕರಣ ಮಾಡಿಬಿಟ್ಟರು. ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಓದಿ ಕನ್ನಡಕ್ಕೆ ತಿರುಗಿಸುವ ಕೆಲಸ ನನಗೆ ಬಂತು. ನನ್ನ ಕ್ರೀಡಾಜೀವನ ಹಾಸ್ಟೆಲಿನ ಕೇರಂ ಬೋರ್ಡಿನಲ್ಲಿ ಹುಟ್ಟಿ ಅಲ್ಲೇ ತೀರಿಕೊಂಡಿತ್ತು. ಆದರೂ ಸಿಡುಕಪ್ಪನ ಮಾತು ಹೇಳುವಾಗ ನನಗೇ ಮೈ ಜುಮ್ಮೆನ್ನುತ್ತಿತ್ತು. ಒಂದು ದಿನ ಪುಟ್ಟಿ ಬಿದ್ದು ಅಳುತ್ತ ಕೂತಾಗ ಅವನು ಅಬ್ಬರಿಸಿದ: “ಹೆದರಿದವಳನ್ನ ಮಂಜುಗಡ್ಡೆ ಬೀಳಿಸುತ್ತೆ, ನಂಬಿದವಳನ್ನ ಹೊರುತ್ತೆ!” ನಾನು ಅದನ್ನು ಎದ್ದು ನಿಂತು, ಕೈ ಎತ್ತಿ ಹೇಳಿದೆ.

“ಎಷ್ಟು ಚೆನ್ನಾಗಿ ಹೇಳ್ದ ನೋಡಿ,” ಎಂದರು ಅತ್ತೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.

ಚೆನ್ನಾಗಿ ಹೇಳಿದನಂತೆ! ಆ ಮಹಾನುಭಾವ ಕ್ರೀಡಾಂಗಣದ ಮಂಜುಗಡ್ಡೆಯ ಕೆಳಗೆ ಸಿಮೆಂಟು ಇರುತ್ತದೆ ಎಂಬುದನ್ನು ಮಾತ್ರ ಒಂದು ಎಪಿಸೋಡಿನಲ್ಲೂ ಹೇಳಲಿಲ್ಲ.

ಅತ್ತೆಗೆ ಇನ್ನೊಂದು ಚಿಂತೆ ಇತ್ತು. ದೇವರಿಗೆ ಏರಿಸಿದ ಹೂವನ್ನು ಯಾರೂ ತುಳಿಯುವ ಜಾಗದಲ್ಲಿ ಹಾಕಬಾರದು. ಹಿಮ ಬೀಳುವವರೆಗೂ ಹಿತ್ತಲ ಮೇಪಲ್ ಮರದ ಬುಡ ಸಾಕಾಗಿತ್ತು. ಆಮೇಲೆ ಎಲ್ಲವೂ ಬೆಳ್ಳಗಾಗಿ, ನಾಯಿ ಓಡಾಡಿಸುವವರಿಗೆ ದಾರಿ ಯಾವುದು ಬುಡ ಯಾವುದು ಎಂಬುದೇ ತಿಳಿಯದಾಯಿತು. ನಮ್ಮ ಕಾಂಪ್ಲೆಕ್ಸಿನ ಹಿಂದೊಂದು ಕೊಳವಿದೆ. ಅದು ಹೆಪ್ಪುಗಟ್ಟಿದರೂ ನಡುಮಧ್ಯದಲ್ಲಿ ಗಾಳಿಗುಳ್ಳೆ ಬಿಡುವ ಯಂತ್ರವಿರುವುದರಿಂದ ಒಂದು ಪರಾತದಷ್ಟು ಜಾಗದಲ್ಲಿ ನೀರು ಕಾಣುತ್ತಿರುತ್ತದೆ. ನನಗೆ ಅದು ಯಂತ್ರ. ಅತ್ತೆಗೆ ಅದು ಹರಿಯುವ ನೀರು.

ಆ ದಿನ ಬೆಳಿಗ್ಗೆ ಕಾಫಿ ಹಿಡಿದು ಕಿಟಕಿಯ ಬಳಿ ಬಂದೆ. ಕೊಳದ ಮೇಲೆ ಏನೋ ಕೆಂಪಗೆ ಚಲಿಸುತ್ತಿತ್ತು. ಪೂಜೆಯ ಮಡಿಸೀರೆ! ಮೇಲೊಂದು ಶಾಲು, ಕಾಲಲ್ಲಿ ಸಾಕ್ಸ್, ಅದರ ಮೇಲೆ ಹವಾಯಿ ಚಪ್ಪಲಿ, ಒಂದು ಕೈಯಲ್ಲಿ ಹೂವಿನ ತಟ್ಟೆ. ಅತ್ತೆ ಪುಟ್ಟಿಯ ಹಾಗೆಯೇ ಎರಡೂ ತೋಳು ಅಗಲಿಸಿ, ನಂಬಿಕೆಯಿಂದ, ನೀರಿನ ಕಡೆಗೆ ಹೆಜ್ಜೆ ಹಾಕುತ್ತಿದ್ದರು.

ಲೋಟ ಎಲ್ಲಿ ಬಿತ್ತೋ ತಿಳಿಯದು. ಬಾಗಿಲ ಬಳಿಯಿದ್ದ ಹಿಮ ಎತ್ತುವ ಸಲಿಕೆ ಹಿಡಿದು ಬರಿಗಾಲಲ್ಲಿ ಓಡಿದೆ. “ಅತ್ತೆ! ನಿಲ್ಲಿ! ಹಿಂದಕ್ಕೆ ಬನ್ನಿ!”

“ಕೂಗಬೇಡಿ, ಹೆದರಿಕೆ ಆಗುತ್ತೆ,” ಎಂದು ಅವರು ತಿರುಗಿದರು. ಆಗಲೇ ಆ ಸದ್ದು. ಟಕ್! ಅವರ ಕಾಲ ಬುಡದಿಂದ ನನ್ನ ಕಡೆಗೆ ಒಂದು ಬಿಳಿಗೆರೆ ಓಡಿ ಬಂತು. ಅವರ ಮುಖದಲ್ಲಿ ಪುಟ್ಟಿಯೂ ಇರಲಿಲ್ಲ, ಸಿಡುಕಪ್ಪನೂ ಇರಲಿಲ್ಲ. ವಯಸ್ಸಾದ ಒಬ್ಬ ಹೆಂಗಸು ಇದ್ದರು, ಅಷ್ಟೇ.

ಅವರು ಮೆಲ್ಲಗೆ ಕಾಲೆಳೆಯುತ್ತ ದಡದ ಹತ್ತಿರ ಬಂದರು. ನಾನು ಹೊಟ್ಟೆಯ ಮೇಲೆ ಮಲಗಿ ಸಲಿಕೆ ಚಾಚಿದೆ. “ಹಿಡ್ಕೊಳ್ಳಿ ಅತ್ತೆ!”

ಅವರು ಕೈ ಚಾಚಿದರು. ತಕ್ಷಣ ಹಿಂದಕ್ಕೆ ಎಳೆದುಕೊಂಡರು.

“ನಿಮ್ಮದು ಸ್ನಾನ ಆಯ್ತಾ?”

ಓದುಗರೇ, ಕೆಳಗೆ ಮಂಜುಗಡ್ಡೆ ಬಿರಿಯುತ್ತಿದೆ, ಈಕೆ ಮಡಿಯ ವಿಚಾರಣೆ ನಡೆಸುತ್ತಿದ್ದಾರೆ! “ಆಯ್ತು! ಆಯ್ತು! ತಲೆಗೂ ಹಾಕ್ಕೊಂಡೆ!” ಎಂದು ಚೀರಿದೆ. ಹಿಡಿದರು. ಎಳೆದೆ. ಕೊನೆಯ ಹೆಜ್ಜೆಯಲ್ಲಿ ಅಂಚು ಕುಸಿದು ಮೊಣಕಾಲವರೆಗೆ ನೀರಿಗಿಳಿದರು, ಅಷ್ಟರಲ್ಲಿ ತೋಳು ನನ್ನ ಕೈಗೆ ಸಿಕ್ಕಿತ್ತು. ಚಪ್ಪಲಿ ಒಂದು ಕೊಳಕ್ಕೆ ಅರ್ಪಣೆಯಾಯಿತು.

ಒಳಗೆ ಬಂದು ಕಂಬಳಿ ಹೊದಿಸಿ, ಬಿಸಿನೀರಿನಲ್ಲಿ ಕಾಲಿಡಿಸಿ ಕೇಳಿದೆ: “ಅಲ್ಲಿ ಥಿನ್ ಐಸ್ ಅಂತ ಬೋರ್ಡ್ ಇದೆಯಲ್ಲ ಅತ್ತೆ, ನೋಡಲಿಲ್ವಾ?”

“ನೋಡಿದೆ. ಅದು ಆಟ ಆಡೋರಿಗೆ. ನಾನು ದೇವರ ಕೆಲಸಕ್ಕೆ ಹೋಗಿದ್ದು.”

ಸಂಜೆ ಶೈಲಾ ಬಂದು ನನ್ನನ್ನೇ ತರಾಟೆಗೆ ತೆಗೆದುಕೊಂಡಳು. “ಮನೇಲೇ ಇರ್ತೀರಲ್ರೀ, ಅಮ್ಮನ ಮೇಲೆ ಒಂದು ಕಣ್ಣಿಡೋಕಾಗಲ್ವಾ?” ತಪ್ಪೆಲ್ಲ ಆ ಧಾರಾವಾಹಿಯದು ಎಂದರೆ ಅನು, “ಡ್ಯಾಡ್, ಇಟ್ಸ್ ಜಸ್ಟ್ ಎ ಶೋ,” ಎಂದಳು. ಸಿಡುಕಪ್ಪನನ್ನು ಒಬ್ಬರಾದರೂ ಬೈಯಬೇಡವೇ? ಅತ್ತೆಯಂತೂ ನನ್ನೊಡನೆ ಮಾತೇ ಬಿಟ್ಟಿದ್ದರು. ರಾತ್ರಿ ಊಟಕ್ಕೆ ಕೂತಾಗ ಶೈಲಾಗೆ ಮೆಲ್ಲಗೆ ಹೇಳುತ್ತಿದ್ದದ್ದು ಕೇಳಿಸಿತು: “ಬಚ್ಚಲಲ್ಲಿ ಅವರ ಟವಲ್ ಒಣಗಿತ್ತು ಕಣೆ. ನನಗೆ ಸುಳ್ಳು ಹೇಳಿದ್ರು. ಆ ಚಳೀಲಿ ಮತ್ತೆ ಸ್ನಾನ ಮಾಡಿ ಇನ್ನೊಂದು ಸಲ ಪೂಜೆ ಮಾಡಿದೆ.”

ಕೊನೆಯ ಎಪಿಸೋಡಿನಲ್ಲಿ ಪುಟ್ಟಿಗೆ ಪದಕ ಬಂತು. ಸಿಡುಕಪ್ಪ ಗಳಗಳನೆ ಅತ್ತ, ಏನೇನೋ ಹೇಳಿದ. ನಾನು ಅನುವಾದಿಸಲಿಲ್ಲ.

ಈಗ ಅತ್ತೆ ಮೈಸೂರಿನಲ್ಲಿದ್ದಾರೆ. ಕೊಳ ಕರಗಿ ಬಾತುಕೋಳಿಗಳು ಬಂದಿವೆ. ನನ್ನನ್ನು ಕರೆಯುವ ಆಫೀಸಿಲ್ಲ, ಹಿಡಿಯುವ ಟ್ರೇನಿಲ್ಲ. ಆದರೂ ಎದ್ದ ಕೂಡಲೇ ಸ್ನಾನ ಮಾಡುತ್ತೇನೆ. ಶೈಲಾ ಅದನ್ನು ಡಿಸಿಪ್ಲಿನ್ ಎಂದು ಹೊಗಳುತ್ತಾಳೆ, ನಾನು ತಿದ್ದಲು ಹೋಗುವುದಿಲ್ಲ. ಒದ್ದೆ ಟವಲನ್ನು ಎಲ್ಲರಿಗೂ ಕಾಣುವಂತೆ ಬಾಗಿಲಲ್ಲಿ ಹರವಿ, ಕೊಳದ ಮೇಲೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ನನಗೆ ಕಾಫಿ.