ಅಗ್ಗದ ನೆಟ್ಟು, ಗಟ್ಟಿ ತಂತಿ

ಮನೆಗೆ ಏನಾದರೂ ಹೊಸದು ತರಬೇಕೆಂದು ಹೊರಟಾಗಲೆಲ್ಲ ನನಗೆ ಒಂದಿಲ್ಲೊಂದು ಫಜೀತಿ ಕಾದೇ ಇರುತ್ತದೆ. ಫ್ರಿಜ್ ತಂದಾಗ ಅದು ಬಾಗಿಲಲ್ಲಿ ಹಿಡಿಸಲಿಲ್ಲ. ಸ್ಕೂಟರ್ ತಂದಾಗ ಅದರ ಪೂಜೆಗೆ ಬಂದವರೇ ಅದನ್ನು ಹತ್ತಿಕೊಂಡು ಹೋದರು, ಸಂಜೆಗೆ ತಂದುಬಿಟ್ಟರು. ಆದರೆ ಇಂಟರ್ನೆಟ್ ಹಾಕಿಸಲು ಹೊರಟಾಗ ಪಟ್ಟ ಪಾಡಿನ ಮುಂದೆ ಅವೆಲ್ಲ ಏನೂ ಅಲ್ಲ.

ನಾನೂ ನನ್ನ ಹೆಂಡತಿಯೂ ಬೀದರಿನಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ನಾನು ಚಿತ್ರಕಲೆ, ಆಕೆ ಸಂಗೀತ. ನಿವೃತ್ತಿಯಾದ ಮೇಲೆ ನಾನು ಕುಂಚ ಮುಟ್ಟಲಿಲ್ಲ, ಆಕೆ ಮಾತ್ರ ಹಾರ್ಮೋನಿಯಂ ಬಿಡಲಿಲ್ಲ. ನಮ್ಮ ಕಡೆಯಿಂದ ಹೋಗಿ ಪುಣೆಯಲ್ಲಿ ನೆಲೆಸಿದ ಕೆಲವು ಹೆಣ್ಣುಮಕ್ಕಳಿಗೆ ಪ್ರತಿ ಭಾನುವಾರ ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತು ವಚನ ಹಾಡುವುದನ್ನು ಕಲಿಸತೊಡಗಿದಳು. ಶನಿವಾರ ಸಂಜೆಯಿಂದಲೇ ಮುಖದಲ್ಲಿ ಕಳೆ ಬರುತ್ತಿತ್ತು. ಅದನ್ನು ನೋಡಿ ನನಗೂ ಖುಷಿಯಾಗುತ್ತಿತ್ತು.

ತೊಂದರೆ ಅಂದರೆ, ಆಗ ಎಲ್ಲ ನಡೆಯುತ್ತಿದ್ದದ್ದು ಮೊಬೈಲ್ ನೆಟ್ಟಿನ ಮೇಲೆ. ಒಂದು ಭಾನುವಾರ ಆಕೆ ಮೇಲಿನ ಸ್ವರಕ್ಕೆ ಬಾಯಿ ತೆರೆದದ್ದೇ ತಡ, ಚಿತ್ರ ಅಲ್ಲಿಗೇ ನಿಂತುಬಿಟ್ಟಿತು. ಪುಣೆಯವರು ಆಕೆ ಉಸಿರು ಹಿಡಿದಿದ್ದಾಳೆ ಅಂತ ಭಕ್ತಿಯಿಂದ ಕಾದರು. ಬಹಳ ಹೊತ್ತಾದ ಮೇಲೆ ಒಬ್ಬಾಕೆ ಫೋನು ಮಾಡಿ ಕೇಳಿದಳು: "ಟೀಚರ್, ಆರಾಮ ಅದೀರಲ್ರಿ?"

ಹೀಗೇ ಮುಂದುವರಿದರೆ ಪುಣೆಯಲ್ಲೇ ಯಾರನ್ನಾದರೂ ನೋಡಿಕೊಳ್ಳುತ್ತೇವೆ ಅನ್ನುವ ಮಾತೂ ಮೆಲ್ಲಗೆ ಬಂತು. "ಈ ಕ್ಲಾಸ್ ನಿಂತ್ರ ನಾ ಮತ್ತ ನಿಮ್ಮ ಮುಖ ನೋಡ್ಕೋತ ಕುಂಡ್ರಬೇಕ್ರಿ" ಅಂದಳು ಹೆಂಡತಿ. ಅದು ಇಬ್ಬರಿಗೂ ಒಳ್ಳೆಯದಲ್ಲ. ಗಟ್ಟಿ ನೆಟ್ ಬೇಕು ಅನ್ನುವುದು ಆಕೆಯ ಷರತ್ತು, ಅಗ್ಗದ್ದಾಗಿರಬೇಕು ಅನ್ನುವುದು ನನ್ನದು. ಹುಡುಕಾಟ ಶುರುವಾಯಿತು.

ಹುಡುಗ ಯಾರ ಪೈಕಿ?

ಹೆಂಡತಿಯ ಅಣ್ಣ ಭಾಲ್ಕಿಯಲ್ಲಿ ಕಿರಾಣಿ ಅಂಗಡಿ ಇಟ್ಟವರು. ಸುದ್ದಿ ಕೇಳಿದ್ದೇ ಬಸ್ಸು ಹತ್ತಿ ಬಂದರು. "ಸ್ಪೀಡ್ ಗೀಡ್ ಕೇಳಬ್ಯಾಡ್ರಿ ಮಾಸ್ತರ್. ಕೆಟ್ಟಾಗ ರಿಪೇರಿಗಿ ಬರೋ ಹುಡುಗ ಯಾರ ಪೈಕಿ ಅಂತ ಕೇಳ್ರಿ. ನಮ್ಮ ಕಡಿಯಾವ ಇದ್ರ ಫೋನ್ ಎತ್ತತಾನ, ಇಲ್ಲಂದ್ರ ಎತ್ತಂಗಿಲ್ಲ" ಅಂದರು.

ಮಾತು ನನಗೂ ಸರಿ ಅನ್ನಿಸಿತು. ಇಬ್ಬರೂ ಒಂದು ಕಂಪನಿಯ ಆಫೀಸಿಗೆ ಹೋದೆವು. ಅಲ್ಲಿದ್ದ ಹುಡುಗ ಪ್ಲಾನುಗಳ ಹಾಳೆ ಮುಂದಿಟ್ಟ. ಭಾವ ಅದನ್ನು ಪಕ್ಕಕ್ಕೆ ಸರಿಸಿದರು.

"ಯಾವ ಊರಪ್ಪಾ ನಿಂದು?"

"ಎಕಂಬಾ ರೀ."

"ತಾಯಿ ತೌರುಮನಿ?"

"ಠಾಣಾ ಕುಶನೂರ ರೀ."

"ಹೊಲ ಎಷ್ಟದ?"

ಇಂಟರ್ನೆಟ್ಟಿಗೂ ಹೊಲಕ್ಕೂ ಏನು ಸಂಬಂಧ ಅಂತ ಹುಡುಗನಿಗೆ ತಿಳಿಯಲಿಲ್ಲ. ಆದರೂ ಗಿರಾಕಿ ಕೈ ಬಿಡಬಾರದೆಂದು ತೊಗರಿ, ಸೋಯಾಬೀನ್ ಎಲ್ಲದರ ಲೆಕ್ಕ ಒಪ್ಪಿಸಿದ. ಭಾವ ಒಂದೊಂದಕ್ಕೂ ತಲೆ ಆಡಿಸಿದರು. ಕೊನೆಗೆ ಹುಡುಗನ ನಂಬರ್ ತೆಗೆದುಕೊಂಡು, ಅವನದೊಂದು ಫೋಟೋ ಹೊಡೆದುಕೊಂಡು ಎದ್ದರು. ಹೊರಗೆ ಬಂದ ಮೇಲೆ ನಾನು ಕೇಳಿದೆ: "ಹ್ಯಾಂಗರಿ ಭಾವ, ಹಾಕ್ಸೋಣೇನು?"

"ತಡೀರಿ ಮಾಸ್ತರ್, ಅವಸರ ಮಾಡಬ್ಯಾಡ್ರಿ. ಮೊದಲ ಹುಡುಗಿ ಕಡಿಯವ್ರು ಏನಂತಾರ ಕೇಳೋಣು."

ಅಲ್ಮೇರಾದಾಗಿನ ನೆಟ್ಟು

ಮರುವಾರ ಭಾವ ನಮ್ಮನ್ನು ಭಾಲ್ಕಿಗೇ ಕರೆಸಿಕೊಂಡರು. "ನಮ್ಮ ಮನಿ ನೆಟ್ ನೋಡ್ರಿ. ಹಾಕ್ಸಿದಾಗಿಂದ ಒಂದು ದಿನಾ ಕೆಟ್ಟಿಲ್ಲ. ಅದನ್ನೇ ನೀವೂ ತಗೋರಿ" ಅಂದರು. ಇಂಥ ಹೊಗಳಿಕೆ ನಾನು ಎಲ್ಲೂ ಕೇಳಿರಲಿಲ್ಲವಾದ್ದರಿಂದ ಆಸೆಯಿಂದಲೇ ಹೋದೆ.

ಚಹಾ ಕುಡಿದಾದ ಮೇಲೆ ಭಾವ ತಮ್ಮ ಹೆಂಡತಿಯನ್ನು ಕೂಗಿದರು: "ಕೀಲಿ ಕೊಡು ಇಲ್ಲಿ. ಮಾಸ್ತರಿಗಿ ನೆಟ್ ತೋರಸಬೇಕು."

ಅತ್ತಿಗೆಯವರು ಸೊಂಟದ ಕೀಲಿಗೊಂಚಲು ಬಿಚ್ಚಿ ಕಬ್ಬಿಣದ ಅಲ್ಮೇರಾ ತೆರೆದರು. ಒಳಗೆ ರೇಷ್ಮೆ ಸೀರೆಗಳ ನಡುವೆ, ಕಸೂತಿ ಹಾಕಿದ ಕರವಸ್ತ್ರ ಹೊದ್ದುಕೊಂಡು ನೆಟ್ಟಿನ ಡಬ್ಬಿ ಕಣ್ಣು ಮಿಟುಕಿಸುತ್ತಿತ್ತು. ಅಲ್ಮೇರಾದ ಹಿಂದೆ ತೂತು ಕೊರೆಸಿ ವೈರು ತಂದಿದ್ದರು.

"ಇಲ್ಲಿ ಯಾಕ ಇಟ್ಟೀರಿ?" ಅಂದೆ.

"ಕಿಮ್ಮತ್ತಿನ ಸಾಮಾನು ಎಲ್ಲಿ ಇಡ್ತಾರ್ರಿ ಮತ್ತ? ಹೊರಗಿಟ್ರ ಧೂಳು, ಹುಡುಗ್ರ ಕಾಟ. ಬೇಕಾದಾಗ ಬಾಗಲ ತೆಗಿತೀವಿ, ಎಲ್ಲಾರೂ ಇಲ್ಲೇ ನಿಂತು ನೋಡ್ತೀವಿ, ಕೀಲಿ ಹಾಕ್ತೀವಿ."

"ಎಷ್ಟು ದಿನಕ್ಕೊಮ್ಮೆ ತೆಗಿತೀರಿ?"

"ಹಬ್ಬಕ್ಕ ಸೀರಿ ತೆಗಿತೇವಲ್ರಿ, ಆವಾಗ."

ಒಂದು ದಿನವೂ ಯಾಕೆ ಕೆಟ್ಟಿಲ್ಲ ಅನ್ನುವುದು ಅರ್ಥವಾಯಿತು. ನನ್ನ ಹೆಂಡತಿ ಮಾತ್ರ ಡಬ್ಬಿಯ ಕಡೆ ನೋಡಲೇ ಇಲ್ಲ. ಅದರ ಕೆಳಗಿದ್ದ ಇಳಕಲ್ ಸೀರೆಯನ್ನು ನೋಡಿದಳು. ನೆಟ್ ಹುಡುಕಲು ಹೋದ ನಾನು ಸೀರೆಯ ಮಾತು ಕೊಟ್ಟು ಬಂದೆ.

ಇಬ್ಬರೂ ಮನಿಯವರೇ

ಔರಾದಿನಲ್ಲಿ ನನ್ನ ಅಕ್ಕನ ಮನೆಯಿದೆ. ಆಕೆಯ ಮನೆಯಲ್ಲಿ ಒಂದಲ್ಲ, ಎರಡು ನೆಟ್ಟು. ಗೋಡೆಯ ಮೇಲೆ ಎರಡು ಡಬ್ಬಿ ಅಕ್ಕಪಕ್ಕ ನೇತಾಡುತ್ತಿವೆ. ಒಂದು ಕಂಪನಿಯ ಏಜೆಂಟ್ ಆಕೆಯ ಮೈದುನನ ಮಗ. ಇನ್ನೊಂದರವನು ಡಾಬಕಾ ಅನ್ನುವ ಊರಿನವನು, ನಮ್ಮ ತಾಯಿಯ ಕಡೆಯಿಂದ ಸಂಬಂಧಿ. ಒಬ್ಬನ ಹತ್ತಿರ ತೆಗೆದುಕೊಂಡರೆ ಇನ್ನೊಬ್ಬನ ಮುಖ ಗಂಟಾಗುತ್ತದೆ ಅಂತ ಎರಡೂ ಹಾಕಿಸಿದ್ದಾಳೆ.

ಅಷ್ಟಕ್ಕೇ ಮುಗಿಯಲಿಲ್ಲ. ಮೈದುನನ ಮಗ ಬರುವ ಸಪ್ಪಳ ಕೇಳಿದರೆ ಡಾಬಕಾದ ಡಬ್ಬಿಯ ಮೇಲೆ ಟವೆಲ್ ಬೀಳುತ್ತದೆ. ಡಾಬಕಾದವನು ಬಂದರೆ ಟವೆಲ್ ಆ ಕಡೆಗೆ ಹೋಗುತ್ತದೆ. ನಾನು ಹೋದ ದಿನ ಇಬ್ಬರೂ ಒಟ್ಟಿಗೇ ಬಂದುಬಿಟ್ಟರು. ಅಕ್ಕ ಎರಡೂ ಡಬ್ಬಿಗಳ ಮುಂದೆ ಬೆನ್ನು ಕೊಟ್ಟು ನಿಂತು, ಅವರು ಚಹಾ ಕುಡಿದು ಹೋಗುವವರೆಗೂ ಅಲ್ಲಾಡಲಿಲ್ಲ.

ಅವರು ಹೋದ ಮೇಲೆ ಕೇಳಿದೆ: "ಎರಡರಾಗ ಯಾವುದು ಛಲೋ ಅದ ಅಕ್ಕಾ?"

"ಎರಡೂ ಒಂದೇ ಕಂಬದ ಮ್ಯಾಲಿಂದ ಬಂದಾವ. ಹೋದ್ರ ಕೂಡೇ ಹೋಗ್ತಾವ."

"ಮತ್ತ ಎರಡು ಯಾಕ ಬೇಕು?"

ಅಕ್ಕ ನನ್ನನ್ನು ಏನೂ ತಿಳಿಯದವನ ಹಾಗೆ ನೋಡಿದಳು. "ನೆಟ್ ಎಲ್ಲಿಂದಾರ ಬರ್ತದ ತಮ್ಮಾ. ಇವರಿಬ್ರೂ ಸಿಟ್ಟಾದ್ರ ಮನ್ಯಾಗಿನ ಲಗ್ನಕ್ಕ ಪೆಂಡಾಲ್ ಯಾರು ಹಾಕ್ತಾರ?"

ಖಾಲಾನ ಮಾಳಿಗೆ

ಕೊನೆಗೆ ಯಾರ ಮಾತೂ ಕೇಳದೆ, ನಮ್ಮ ಓಣಿಯಲ್ಲಿ ಕೇಬಲ್ ಟಿವಿ ನಡೆಸುವವನ ಹತ್ತಿರವೇ ನೆಟ್ ಹಾಕಿಸಿದೆ. ಎಲ್ಲರಿಗಿಂತ ಅಗ್ಗ. ದಪ್ಪನೆಯ ಕರಿ ತಂತಿ ಹಿಂದಿನ ಮನೆಯ ಮಾಳಿಗೆಯ ಮೇಲಿಂದ ಹಾದು ನಮ್ಮ ಕಿಟಕಿಗೆ ಬಂತು. ಆ ಮನೆಯ ಹಿರಿಯಾಕೆಯನ್ನು ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಅಂತಲೇ ಕರೆಯುವುದು. ತಂತಿ ಎಳೆಯಲು ಆಕೆಯ ಮಗ ಹೂಂ ಅಂದಿದ್ದ.

ಸೋಮವಾರದಿಂದ ಶನಿವಾರದವರೆಗೆ ನೆಟ್ ನದಿಯ ಹಾಗೆ ಹರಿಯಿತು. ಭಾನುವಾರ ಬೆಳಿಗ್ಗೆ ಕ್ಲಾಸು ಶುರುವಾಗಿ ಮೊದಲನೆಯ ವಚನ ಮುಗಿಯುವಷ್ಟರಲ್ಲಿ ಡಬ್ಬಿಯಲ್ಲಿ ಕೆಂಪು ದೀಪ! ಮಧ್ಯಾಹ್ನ ರಿಪೇರಿಯವನು ಬಂದು ನೋಡಿದರೆ ಎಲ್ಲ ಸರಿ. ಮುಂದಿನ ಭಾನುವಾರವೂ ಹಾಗೆಯೇ, ಅದರ ಮುಂದಿನದೂ ಹಾಗೆಯೇ. ರಿಪೇರಿಯವನು ಡಬ್ಬಿ ಬದಲಿಸಿದ, ಪಿನ್ನು ಬದಲಿಸಿದ, ಕೊನೆಗೆ ಹಾರ್ಮೋನಿಯಂ ಕಡೆಗೇ ಅನುಮಾನದಿಂದ ನೋಡಿ, "ಇದರ ಗಾಳಿ ಏನಾರ ಹತ್ತಲಾಕತ್ತದೇನ್ರಿ ಸರ್?" ಅಂದ. ಭಾಲ್ಕಿಯಿಂದ ಭಾವ ಅಲ್ಮೇರಾದಲ್ಲಿ ಇಡಲು ಹೇಳಿದರು. ಔರಾದಿನ ಅಕ್ಕ ಇನ್ನೊಂದು ಹಾಕಿಸು ಅಂದಳು.

ಪುಣೆಯವರು ಬಹಳ ಮರ್ಯಾದೆಯಿಂದಲೇ ಹೇಳಿದರು: ಇನ್ನೊಂದು ಭಾನುವಾರ ನೋಡುತ್ತೇವೆ, ಆಮೇಲೆ ಕ್ಷಮಿಸಿ. ಆ ಭಾನುವಾರ ಹೆಂಡತಿ ಬೇಗ ಎದ್ದು ದೇವರಿಗೂ ಡಬ್ಬಿಗೂ ಒಟ್ಟಿಗೇ ಊದುಬತ್ತಿ ಬೆಳಗಿದಳು. ಮೊದಲನೆಯ ವಚನ ಮುಗಿಯಿತು, ಎರಡನೆಯದು ಎತ್ತಿಕೊಂಡಳು. ಕೆಂಪು ದೀಪ. ಆಕೆ ಹಾರ್ಮೋನಿಯಂ ಮುಚ್ಚಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ತಡೆಯಲಾಗಲಿಲ್ಲ. ಈ ತಂತಿಗೆ ಎಲ್ಲಿ ಏನು ರೋಗ ಬಂದಿದೆ ನೋಡಿಯೇ ಬಿಡುತ್ತೇನೆಂದು ಕಿಟಕಿಯಿಂದ ಅದರ ಬೆನ್ನು ಹತ್ತಿ, ಖಾಲಾನ ಮನೆಯ ಮೆಟ್ಟಿಲು ಏರಿದೆ.

ಮಾಳಿಗೆಯ ಮೇಲೆ, ನೀರಿನ ಟ್ಯಾಂಕಿನಿಂದ ಆಚೆ ಗೋಡೆಗೆ ಎಳೆದಿದ್ದ ನಮ್ಮ ತಂತಿಯ ಮೇಲೆ ಹತ್ತಿ ತುಂಬಿದ ಒಂದು ದೊಡ್ಡ ರಜಾಯಿ ಸೊರಸೊರ ನೀರು ಸುರಿಸುತ್ತ ತೂಗುತ್ತಿತ್ತು. ಅದರ ಭಾರಕ್ಕೆ ತಂತಿ ಬಿಲ್ಲಿನಂತೆ ಬಾಗಿತ್ತು. ಪಕ್ಕದಲ್ಲಿ ಬಕೆಟ್ ಬೋರಲು ಹಾಕಿಕೊಂಡು ಖಾಲಾ ಸಪ್ಪೆ ಮುಖದಲ್ಲಿ ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಆಕೆಯೇ ಶುರು ಮಾಡಿದಳು.

"ಬಾ ಮಾಸ್ತರ್, ಛಲೋ ಆಯ್ತು ಬಂದಿ. ನಿನ್ನ ಹೆಂಡ್ತಿಗಿ ನನ್ನ ಮ್ಯಾಲ ಯಾಕ ಅಷ್ಟು ಗುಸ್ಸಾ? ಖರೆ ಹೇಳು."

"ಗುಸ್ಸಾ? ಆಕಿಗಿ ಯಾಕ ಸಿಟ್ಟು ಖಾಲಾ?"

"ಮತ್ತ? ಎಷ್ಟು ಛಂದ ಹಾಡ್ತಾಳ. ಕೇಳ್ಬೇಕಂತ ಮ್ಯಾಲ ಬರ್ತೀನಿ. ಸುಮ್ನ ಕುಂತ್ರ ಸೊಸಿ ಏನರ ಅಂತಾಳಂತ ಒಂದು ದಪ್ಪ ಬಟ್ಟಿ ಒಕ್ಕೊಂಡು ತರ್ತೀನಿ. ಇಲ್ಲಿ ಒಣಗ ಹಾಕಿ ಹಿಂಗ ಕುಂಡ್ರೂದೇ ತಡ, ಹಾಡು ಬಂದ್! ಮತ್ತ ಬಟ್ಟಿ ತಗೊಂಡು ಇಳೀತೀನಿ. ಪ್ರತಿ ಐತ್ವಾರ ಹಿಂಗೇ. ನಾ ಕೇಳಿದ್ರ ಆಕಿಗೇನು ಕಡಿಮಿ ಆಗ್ತದ?"

ನಾನು ರಜಾಯಿ ಎತ್ತಿ ಹೆಗಲ ಮೇಲೆ ಹಾಕಿಕೊಂಡೆ. ತಣ್ಣೀರು ಬೆನ್ನಲ್ಲೆಲ್ಲ ಇಳಿಯಿತು. ತುಸು ಹೊತ್ತಿಗೆ ಕೆಳಗೆ ನಮ್ಮ ಮನೆಯಲ್ಲಿ ಹಾರ್ಮೋನಿಯಂ ಉಸಿರೆಳೆದುಕೊಂಡಿತು, ಬಿಟ್ಟಲ್ಲಿಂದಲೇ ಹಾಡು ಎದ್ದಿತು. ಖಾಲಾ ಕಣ್ಣರಳಿಸಿದಳು. "ನೋಡು ನೋಡು! ನೀ ಬಂದ ಕೂಡ್ಲೇ ಚಾಲೂ ಮಾಡಿದ್ಳು. ಇಳೀಬ್ಯಾಡ, ಇಲ್ಲೇ ನಿಲ್ಲು" ಅಂದಳು.

ಮಾಳಿಗೆಯ ಮೇಲೆ ಬೇರೆ ಹಗ್ಗ ಇರಲಿಲ್ಲ. ಕ್ಲಾಸು ಮುಗಿಯುವವರೆಗೂ ರಜಾಯಿ ಹೊತ್ತು ನಿಂತೇ ಇದ್ದೆ. ಖಾಲಾ ತಾಳ ಹಾಕುತ್ತ ಕೇಳಿದಳು. ಪುಣೆಯವರು ಉಳಿದುಕೊಂಡರು, ನನಗೆ ನೆಗಡಿ ಬಂತು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ನನ್ನ ಹೆಂಡತಿ ಇಷ್ಟು ಚೆನ್ನಾಗಿ ಹಾಡುತ್ತಾಳೆ ಅಂತ ನನಗೆ ತಿಳಿದದ್ದೂ ಅವತ್ತೇ.

ಸೋಮವಾರ ಬೆಳಿಗ್ಗೆ ಹೊಸ ನೈಲಾನ್ ಹಗ್ಗ ತಂದು ಖಾಲಾನ ಮಾಳಿಗೆಯಲ್ಲಿ ನಾನೇ ಕಟ್ಟಿದೆ. ಆಮೇಲೆ ಒಂದು ಭಾನುವಾರವೂ ನೆಟ್ ಹೋಗಿಲ್ಲ. ಈ ಹುಡುಕಾಟದಲ್ಲಿ ನಾನು ಎಷ್ಟೋ ಮನೆ ತಿರುಗಿದ್ದೇನೆ, ಅಲ್ಮೇರಾದ ಭಾವನನ್ನು ಬಿಟ್ಟರೆ ಯಾವ ಕಂಪನಿಯನ್ನೂ ಬಾಯಿ ತುಂಬ ಹೊಗಳಿದವರು ಸಿಕ್ಕಿರಲಿಲ್ಲ. ಮೊನ್ನೆ ಖಾಲಾ ಓಣಿಯಲ್ಲೇ ತಡೆದು ನಿಲ್ಲಿಸಿದಳು.

"ಮಾಸ್ತರ್, ನೀ ಕಟ್ಟಿದ ಹಗ್ಗ ಇರ್ಲಿ, ಛಲೋನೇ ಅದ. ಆದ್ರ ರಜಾಯಿ ಹಾಕಿದ್ರ ನೆಲಕ್ಕ ಹತ್ತತದ. ಆ ಕರೀ ಹಗ್ಗ ಏನು ಮಜಬೂತ ಅದಪಾ! ಯಾವ ಕಂಪನಿದು? ನಮ್ಮನಿಗೂ ಒಂದು ಹಾಕ್ಸು."