ಭಾವ ಶಾಲೆ ಹುಡುಕಿದ ಬಗೆ

ಜಪಾನಿನಲ್ಲಿರುವ ಕನ್ನಡಿಗ ಗಂಡಸರಲ್ಲಿ, ಪ್ರಾಥಮಿಕ ಶಾಲೆಯ ಹುಡುಗಿಯ ಕೆಂಪು ಬ್ಯಾಗನ್ನು ಬೆನ್ನಿಗೇರಿಸಿಕೊಂಡು ಹಾಡಹಗಲೇ ಬೀದಿ ಸುತ್ತಿ, ಆ ಕಾರಣಕ್ಕೆ ಪೊಲೀಸ್ ಚೌಕಿಯಲ್ಲಿ ಕೂತು ಹಸಿರು ಚಹಾ ಕುಡಿದು ಬಂದವರು ಬೇರೆ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ನನಗೆ ಗೊತ್ತಿರುವ ಮಟ್ಟಿಗೆ ಆ ಗೌರವ ಸಂದಿರುವುದು ನಮ್ಮ ಭಾವನಿಗೆ ಮಾತ್ರ.

ಭಾವ ಎಂದರೆ ನನ್ನ ಅಕ್ಕನ ಗಂಡ. ಹಮಾಮತ್ಸುವಿನ ಒಂದು ಬೈಕ್ ಕಾರ್ಖಾನೆಯಲ್ಲಿ ಎಂಜಿನಿಯರ್. ಹೊಸದಾಗಿ ತಯಾರಾದ ಬೈಕನ್ನು ಕೆಟ್ಟ ರಸ್ತೆಯ ಮೇಲೆ, ಅದರ ಯಾವುದಾದರೂ ಒಂದು ಭಾಗ ಸಡಿಲವಾಗುವವರೆಗೆ ಓಡಿಸುವುದು ಅವರ ಕೆಲಸ. ಜಪಾನಿನಲ್ಲಿ ಕೆಟ್ಟ ರಸ್ತೆ ಸುಲಭಕ್ಕೆ ಸಿಗುವುದಿಲ್ಲ. ಅದಕ್ಕಾಗಿ ಕಂಪನಿಯವರೇ ಗುಂಡಿ, ಉಬ್ಬು, ಜಲ್ಲಿಕಲ್ಲು ಎಲ್ಲವನ್ನೂ ಹಾಕಿ ಒಂದು ರಸ್ತೆ ಮಾಡಿಸಿಕೊಂಡಿದ್ದಾರಂತೆ. "ಇಷ್ಟೆಲ್ಲ ಯಾಕೆ ಭಾವ, ಬೈಕನ್ನ ಬೆಂಗಳೂರಿಗೆ ಕಳಿಸಿದ್ರೆ ಆಗ್ತಿರಲಿಲ್ವಾ?" ಎಂದು ನಾನು ಕೇಳಿದ್ದೆ. ಭಾವ ನಗಲಿಲ್ಲ. "ಆಗಲ್ಲಮ್ಮ. ಟೆಸ್ಟ್ ಅಂದ್ರೆ ದಿನಾ ಅದೇ ಗುಂಡಿ ಇರ್ಬೇಕು. ಅಲ್ಲಿ ಗುಂಡಿ ಜಾಗ ಬದಲಾಯಿಸ್ತಾ ಇರುತ್ತೆ" ಎಂದರು.

ಈ ಪರೀಕ್ಷೆ ಮಾಡುವ ಚಾಳಿ ಕಾರ್ಖಾನೆಯ ಗೇಟಿನೊಳಗೇ ಉಳಿದಿದ್ದರೆ ನಾನು ಈ ಪ್ರಬಂಧ ಬರೆಯಬೇಕಾಗಿರಲಿಲ್ಲ. ಮೈಸೂರಿನ ನಮ್ಮ ಮನೆಗೆ ಅಕ್ಕನನ್ನು ನೋಡಲು ಬಂದ ದಿನ ಅವರು ಕೂತ ಕುರ್ಚಿ ಕಿರ್ ಎಂದಿತು. ಹೆಣ್ಣು ನೋಡಲು ಬಂದ ಗಂಡು ಇಂಥ ಹೊತ್ತಿನಲ್ಲಿ ಏನು ಮಾಡಬೇಕು? ಕೇಳಿಸದವರಂತೆ ಉಪ್ಪಿಟ್ಟು ತಿನ್ನಬೇಕು. ಭಾವ ಎದ್ದು ನಿಂತು, ಕುರ್ಚಿಯನ್ನು ತಲೆಕೆಳಗು ಮಾಡಿ, ಕಾಲುಗಳನ್ನು ಒಂದೊಂದಾಗಿ ಅಲ್ಲಾಡಿಸಿ, "ಅಂಕಲ್, ಒಂದು ಸ್ಕ್ರೂಡ್ರೈವರ್ ಇದ್ಯಾ?" ಎಂದು ಅಪ್ಪನನ್ನು ಕೇಳಿದರು. ಅಕ್ಕ ಕಾಫಿ ತಟ್ಟೆ ಹಿಡಿದು ಹೊರಗೆ ಬಂದಾಗ ವರಮಹಾಶಯರು ಕುರ್ಚಿಯ ಕೆಳಗಿದ್ದರು. ಹುಡುಗ ಹೇಗೋ ಏನೋ ಎಂದು ಅಮ್ಮನಿಗೆ ಗಾಬರಿ. ಅಪ್ಪನಿಗೆ ಮಾತ್ರ ಆ ಕ್ಷಣವೇ ಹುಡುಗ ಒಪ್ಪಿಗೆಯಾಗಿಬಿಟ್ಟ.

ಇಂಥ ಭಾವನಿಗೆ ಟೋಕಿಯೊ ಕಚೇರಿಗೆ ವರ್ಗವಾಯಿತು. ನಾನು ಟೋಕಿಯೊ ಪಕ್ಕದ ಇಚಿಕಾವಾದಲ್ಲಿ ಇದ್ದೇನೆ. ನಮ್ಮ ಸುತ್ತಮುತ್ತಲೇ ಮನೆ ಹುಡುಕುವುದೆಂದು ತೀರ್ಮಾನವಾಗಿ, ಒಂದು ವಾರ ರಜೆ ಹಾಕಿ, ಅಕ್ಕನನ್ನೂ ಎರಡನೇ ತರಗತಿಯಲ್ಲಿದ್ದ ಮಗಳು ಇಂಚರಾಳನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದರು. ಇಂಚರಾ ಹುಟ್ಟಿದ್ದೇ ಹಮಾಮತ್ಸುವಿನಲ್ಲಿ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಜಪಾನಿ ಭಾಷೆಯಲ್ಲಿ ಉತ್ತರ ಕೊಡುತ್ತಾಳೆ. ಆದರೆ ಆ ವಾರ ಹೊಸ ಶಾಲೆಯ ಮಾತೆತ್ತಿದರೆ ಸಾಕು, ಯಾವ ಭಾಷೆಯಲ್ಲೂ ಉತ್ತರವಿರಲಿಲ್ಲ. ಹೊಟ್ಟೆನೋವು ಎಂದು ಹೋಗಿ ಮಲಗಿಬಿಡುತ್ತಿದ್ದಳು.

ಇಲ್ಲಿ ಸರ್ಕಾರಿ ಶಾಲೆಯನ್ನು ನಾವು ಆರಿಸುವುದಿಲ್ಲ, ನಮ್ಮ ಮನೆಯ ವಿಳಾಸ ಆರಿಸುತ್ತದೆ. ಈ ಬೀದಿಯವರಿಗೆ ಈ ಶಾಲೆ, ಆ ಬೀದಿಯವರಿಗೆ ಆ ಶಾಲೆ. ಹಾಗಾಗಿ ಶಾಲೆ ಬೇಕಾದವರು ಮೊದಲು ಬೀದಿಯನ್ನು ಹಿಡಿಯುತ್ತಾರೆ, ಬೀದಿಯ ಬಾಡಿಗೆ ಆಕಾಶ ಹಿಡಿಯುತ್ತದೆ. ನಮ್ಮ ಕಡೆ ಇದ್ದದ್ದು ಎರಡು. ರೈಲು ನಿಲ್ದಾಣದ ಪಕ್ಕದ್ದು ಹೆಸರುವಾಸಿ. ಅಕ್ಕನ ವಾಟ್ಸಾಪ್ ಗುಂಪಿನ ಅಮ್ಮಂದಿರೆಲ್ಲ ಒಂದೇ ದನಿಯಲ್ಲಿ ಅದನ್ನೇ ಹೇಳಿದ್ದರು. ಇನ್ನೊಂದು ಕಾಲುವೆಯ ಆಚೆಯದು. ಅದರ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ.

ಮನೆ ತೋರಿಸಲು ಬಂದ ಏಜೆಂಟ್ ಮೊರಿತಾ ಸಾನ್, ಅಂದರೆ ಮೊರಿತಾ ಅವರು, ನಮ್ಮನ್ನು ಒಂದು ಸಣ್ಣ ಓಣಿಯಲ್ಲಿ ನಿಲ್ಲಿಸಿ, "ಎಡಗಡೆಯ ಮನೆಗಳಿಗೆ ನಿಲ್ದಾಣದ ಶಾಲೆ, ಬಲಗಡೆಗೆ ಕಾಲುವೆಯ ಶಾಲೆ. ಎಡಗಡೆ ಬಾಡಿಗೆ ಸ್ವಲ್ಪ ಹೆಚ್ಚು" ಎಂದರು. ಭಾವ ಓಣಿಯ ನಟ್ಟನಡುವೆ ನಿಂತು ಎಡಕ್ಕೂ ಬಲಕ್ಕೂ ನೋಡಿದರು. ಎರಡೂ ಕಡೆ ಅದೇ ಬಣ್ಣದ ಮನೆಗಳು, ಅದೇ ಬಾಲ್ಕನಿ, ಅದೇ ಒಣಗುವ ಬಟ್ಟೆ.

"ಎಡಗಡೆಯ ಶಾಲೆಯಲ್ಲಿ ಒಳ್ಳೆಯದು ಏನಿದೆ?" ಎಂದು ತಮ್ಮ ಹಮಾಮತ್ಸು ಜಪಾನಿಯಲ್ಲಿ ಕೇಳಿದರು.

ಮೊರಿತಾ ಸಾನ್ ಹಲ್ಲುಗಳ ನಡುವೆ ಸ್ಸ್ ಎಂದು ಗಾಳಿ ಎಳೆದುಕೊಂಡರು. ಇಲ್ಲಿಯವರು ಹಾಗೆ ಮಾಡಿದರೆ ಪ್ರಶ್ನೆ ಕಷ್ಟದ್ದು ಎಂದು ಅರ್ಥ. ಕೊನೆಗೆ, "ತಂದೆತಾಯಿಗಳು ಬಹಳ ಆಸಕ್ತಿ ವಹಿಸುತ್ತಾರೆ" ಎಂದರು.

ಭಾವ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ನಾನು ಸೇರಿಸ್ತಿರೋದು ಮಗೂನ. ತಂದೆತಾಯಿಗಳು ಹೇಗಿದ್ರೆ ನನಗೇನು?" ಎಂದರು. ಅಕ್ಕ ಅವರ ಅಂಗಿಯ ತುದಿ ಹಿಡಿದೆಳೆದು ಎಡಗಡೆಯ ಮನೆಯೊಳಕ್ಕೆ ಕರೆದೊಯ್ದಳು.

ಮಾರನೆಯ ದಿನದಿಂದ ಭಾವ ತಮ್ಮ ಪರೀಕ್ಷೆ ಆರಂಭಿಸಿದರು. ಬೆಳಿಗ್ಗೆ ಒಂದು ಶಾಲೆಯ ಗೇಟು, ಮಧ್ಯಾಹ್ನ ಇನ್ನೊಂದರ ಗೇಟು. ಮನೆಗೆ ಬಂದು ವರದಿ ಒಪ್ಪಿಸುತ್ತಿದ್ದರು. ನಿಲ್ದಾಣದ ಶಾಲೆಯ ಮಕ್ಕಳು ಬೇಗ ಬೇಗ ನಡೆಯುತ್ತಾರೆ. ಕಾಲುವೆಯ ಶಾಲೆಯವರು ಸೇತುವೆಯ ಮೇಲೆ ನಿಂತು ಆಮೆ ಹುಡುಕುತ್ತಾರೆ. ಅಲ್ಲಿನ ಗೂಡಿನಲ್ಲಿರುವ ಮೊಲಗಳು ಸಿಕ್ಕಾಪಟ್ಟೆ ದಪ್ಪ.

"ಮೊಲ ದಪ್ಪ ಇದ್ರೆ ಗಣಿತ ಬರುತ್ತಾ?" ಎಂದಳು ಅಕ್ಕ.

"ಯಾರೋ ರಜಾ ದಿನಾನೂ ಬಂದು ಹುಲ್ಲು ಹಾಕ್ತಾರೆ ಅಂತ ಗೊತ್ತಾಗುತ್ತೆ."

ಅವರು ಹುಡುಕುತ್ತಿರುವುದಾದರೂ ಏನನ್ನು ಎಂದು ನನಗೆ ಕುತೂಹಲ ಹುಟ್ಟಿದ್ದು ಆಗಲೇ. ಅಂಕಗಳನ್ನಲ್ಲ, ಕಟ್ಟಡವನ್ನಲ್ಲ. ಕೇಳಿದರೆ, "ಕ್ಯಾಟಲಾಗ್ ಓದಿ ಬೈಕ್ ತಗೋಬಾರದಮ್ಮ, ಓಡಿಸಿ ನೋಡ್ಬೇಕು" ಎಂದಷ್ಟೇ ಹೇಳಿದರು. ಶಾಲೆಯನ್ನು ಓಡಿಸಿ ನೋಡುವುದು ಹೇಗೆ ಎಂಬುದು ಗುರುವಾರ ತಿಳಿಯಿತು.

ಗುರುವಾರ ಮಧ್ಯಾಹ್ನ ನಾನು ಆಫೀಸಿನಲ್ಲಿದ್ದೆ. ಪಕ್ಕದ ಸೀಟಿನ ಇತೊ ಸಾನ್ ಕೂಡ ನಮ್ಮ ಬಡಾವಣೆಯವರೇ. ಅವರ ಫೋನೂ ನನ್ನ ಫೋನೂ ಒಟ್ಟಿಗೆ ಟಣ್ ಎಂದವು. ಅದು ಬಡಾವಣೆಯ ಮಕ್ಕಳ ಸುರಕ್ಷತೆಗಾಗಿ ಬರುವ ಎಚ್ಚರಿಕೆಯ ಸಂದೇಶ. ಅದರ ಸಾರಾಂಶ ಹೀಗಿತ್ತು: ನಿಲ್ದಾಣದ ಶಾಲೆಯ ದಾರಿಯಲ್ಲಿ ಸಂಶಯಾಸ್ಪದ ವ್ಯಕ್ತಿ. ನಲವತ್ತು ದಾಟಿದ ಪುರುಷ, ಮೀಸೆ ಇದೆ. ಕೆಂಪು ಶಾಲಾ ಬ್ಯಾಗ್ ಧರಿಸಿದ್ದಾರೆ. ಅಸಹಜವಾಗಿ ಚಿಕ್ಕ ಹೆಜ್ಜೆ ಇಡುತ್ತಿದ್ದಾರೆ. ರಸ್ತೆ ದಾಟುವ ಸ್ಥಳದಲ್ಲಿ ಮಂಡಿಯೂರಿ ಕೂತಿದ್ದರು. ಮಾತನಾಡಿಸಿದಾಗ ಸುಮಿಮಾಸೆನ್ ಎಂದು ಕ್ಷಮೆ ಕೋರಿ ಮುಂದೆ ಸಾಗಿದರು.

"ಹುಷಾರಾಗಿ ಮನೆಗೆ ಹೋಗಿ" ಎಂದು ಇತೊ ಸಾನ್ ಕಾಳಜಿಯಿಂದ ಹೇಳಿದರು. ನಾನು ಅರಿಗಾತೋ ಎಂದು ಧನ್ಯವಾದ ಅರ್ಪಿಸಿ, ತಲೆನೋವಿನ ನೆಪ ಹೇಳಿ ಹೊರಟೆ. ನೆಪ ಪೂರ್ತಿ ಸುಳ್ಳೇನೂ ಆಗಿರಲಿಲ್ಲ.

ನಿಲ್ದಾಣದಲ್ಲಿ ಇಳಿದು ವಿಚಾರಿಸಲೆಂದು ಪೊಲೀಸ್ ಚೌಕಿಗೆ ಓಡಿದರೆ, ಅಲ್ಲಿ ಭಾವ ಚಹಾ ಕುಡಿಯುತ್ತಿದ್ದರು. ಮೇಜಿನ ಮೇಲೆ ಇಂಚರಾಳ ಬ್ಯಾಗು ಬಾಯಿ ತೆರೆದು ಕೂತಿತ್ತು. ಅದರ ಪಕ್ಕದಲ್ಲಿ ನಮ್ಮ ಮನೆಯ ತೊಗರಿಬೇಳೆ ಪ್ಯಾಕೆಟ್ಟುಗಳು. ಪುಸ್ತಕಗಳ ಭಾರಕ್ಕೆ ಸರಿಸಮನಾಗಿ ಅವನ್ನು ತುಂಬಿಕೊಂಡು, ಮಗಳ ಹೆಜ್ಜೆಯ ಅಳತೆಯಲ್ಲೇ ನಡೆದು, ಅವಳಿಗೆ ಎಲ್ಲಿ ಸುಸ್ತಾಗಬಹುದು ಎಂದು ನೋಡುತ್ತಿದ್ದರಂತೆ. ಎಳೆಯ ವಯಸ್ಸಿನ ಪೊಲೀಸಪ್ಪ ಒಂದು ಪ್ಯಾಕೆಟ್ಟನ್ನು ಎತ್ತಿ ಹಿಡಿದು ನನ್ನನ್ನು ಬಹಳ ವಿನಯದಿಂದ ಕೇಳಿದ: "ಇದು ಭಾರತದ ಪಠ್ಯಸಾಮಗ್ರಿಯೇ?"

ನಾನು ಕ್ಷಮೆಯ ಮೇಲೆ ಕ್ಷಮೆ ಕೇಳಿ, ಭಾವನನ್ನು ಎಬ್ಬಿಸಿಕೊಂಡು ಹೊರಡುವವಳಿದ್ದೆ. ಅವರು ಏಳಬೇಕಲ್ಲ? "ಒಂದು ನಿಮಿಷ ಇರು. ಆ ರಸ್ತೆ ದಾಟೋ ಜಾಗದಲ್ಲಿ ಗಿಡದ ಬೇಲಿ ಇದೆಯಲ್ಲ, ಅದನ್ನ ಇವರಿಗೆ ತೋರಿಸ್ಬೇಕು. ನಿಂತ್ರೆ ಕಾರು ಕಾಣುತ್ತೆ. ಇಂಚರಾ ಎತ್ತರಕ್ಕೆ ಕಾಣಲ್ಲ." ಪೊಲೀಸಪ್ಪ ಟೋಪಿ ಹಾಕಿಕೊಂಡು ನಮ್ಮ ಜೊತೆ ಬಂದ. ಭಾವ ಬೇಲಿಯ ಪಕ್ಕ ಮಂಡಿಯೂರಿದರು. ಅವನೂ ಒಂದು ಗಳಿಗೆ ಅನುಮಾನಿಸಿ, ಪ್ಯಾಂಟು ಎತ್ತಿಕೊಂಡು ಮಂಡಿಯೂರಿದ. ಮಕ್ಕಳನ್ನು ರಸ್ತೆ ದಾಟಿಸಲು ಹಳದಿ ಬಾವುಟ ಹಿಡಿದು ನಿಂತಿದ್ದ ಅಜ್ಜಿ, ಬಹುಶಃ ದೂರು ಕೊಟ್ಟವರೂ ಅವರೇ, ಹತ್ತಿರ ಬಂದು ಬಗ್ಗಿ ನೋಡಿದರು. ಎಲೆಗಳ ಆಚೆಯಿಂದ ಒಂದು ಕಾರು ಸರ್ರನೆ ಬಂದು ಹಾದುಹೋಯಿತು.

"ನರುಹೊದೊ" ಎಂದ ಪೊಲೀಸಪ್ಪ. ಹೌದಲ್ಲ, ಈಗ ಅರ್ಥವಾಯಿತು ಎಂದು ಅದರ ಅರ್ಥ. ಸ್ವಲ್ಪ ದಿನದಲ್ಲೇ ಆ ಬೇಲಿಯನ್ನು ಮಗುವಿನ ಎದೆಮಟ್ಟಕ್ಕೆ ಕತ್ತರಿಸಿದರು.

ಅಕ್ಕನಿಗೆ ಇದರಿಂದ ಸಮಾಧಾನವೇನೂ ಆಗಲಿಲ್ಲ. "ಇಡೀ ಊರಿಗೆ ಮೆಸೇಜ್ ಹೋಗಿದೆ. ಮುಂದೆ ಪೇರೆಂಟ್ಸ್ ಮೀಟಿಂಗಲ್ಲಿ ನಾನು ಯಾರ ಹೆಂಡತಿ ಅಂತ ಹೇಳ್ಕೊಳ್ಳಲಿ?"

"ಗುರುತು ಹಿಡೀತಾರೆ, ಹೇಳೋದೇ ಬೇಡ" ಎಂದರು ಭಾವ.

"ನಿಮಗೆ ಏನು ಬೇಕು ಅಂತ ಒಂದ್ಸಲ ಬಾಯಿಬಿಟ್ಟು ಹೇಳ್ರೀ. ಎಲ್ಲರೂ ಒಳ್ಳೇ ಶಾಲೆ ಅಂತಾರೆ, ನಿಮಗೆ ಮಾತ್ರ ಮೊಲ, ಬೇಲಿ, ಆಮೆ."

ಭಾವ ಬೇಳೆಯನ್ನು ಡಬ್ಬಿಗೆ ಸುರಿಯುತ್ತ ಕೂತರು.

ಶುಕ್ರವಾರ ಎರಡೂ ಶಾಲೆಗಳನ್ನು ಒಳಗೆ ಹೋಗಿ ನೋಡಲು ಅನುಮತಿ ಸಿಕ್ಕಿತ್ತು. ನಾನೂ ರಜೆ ಹಾಕಿ ಜೊತೆಗೆ ಹೋದೆ. ಭಾವನ ಮೇಲೆ ಯಾರಾದರೂ ಕಣ್ಣಿಡಬೇಕಾಗಿತ್ತು. ನಿಲ್ದಾಣದ ಶಾಲೆಯ ಉಪಮುಖ್ಯೋಪಾಧ್ಯಾಯರು ಗ್ರಂಥಾಲಯ, ಈಜುಕೊಳ, ಸಂಗೀತದ ಕೋಣೆ ಎಲ್ಲವನ್ನೂ ತೋರಿಸಿದರು. ಅಕ್ಕನ ಮುಖ ಅರಳಿತ್ತು. ಹೊರಡುವಾಗ ಭಾವ ಒಂದೇ ಪ್ರಶ್ನೆ ಕೇಳಿದರು: "ಹೊಸ ಮಗು ಬಂದರೆ ಮೊದಲ ದಿನ ಎಲ್ಲಿ ಕೂರುತ್ತದೆ?" ಎತ್ತರವನ್ನೂ ಕಣ್ಣಿನ ದೃಷ್ಟಿಯನ್ನೂ ನೋಡಿ ಜಾಗ ಗೊತ್ತು ಮಾಡುತ್ತೇವೆ ಎಂದು ಅವರು ವಿವರಿಸಿದರು. ಸರಿಯಾದ ಉತ್ತರವೇ. ಭಾವ ತಲೆದೂಗಿದರು, ಆದರೆ ಮುಖದಲ್ಲಿ ಏನೂ ಕಾಣಲಿಲ್ಲ.

ಕಾಲುವೆಯ ಶಾಲೆಗೆ ಹೋದಾಗ ಎರಡನೇ ತರಗತಿಯ ಪಾಠ ನಡೆದಿತ್ತು. ವಯಸ್ಸಾದ ಶಿಕ್ಷಕಿಯೊಬ್ಬರು ಬಾಗಿಲಿಗೆ ಬಂದು, ಇಂಚರಾ ಬೇಕಾದರೆ ಈ ಪಾಠಕ್ಕೆ ಕೂರಲಿ ಎಂದು ಖಾಲಿ ಡೆಸ್ಕೊಂದನ್ನು ತೋರಿಸಿದರು. ಇಂಚರಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಹೋಗಿ ಕೂತಳು. ನಾವು ಮೂವರು ತರಗತಿಯ ಹಿಂಭಾಗದಲ್ಲಿ, ಅತಿಥಿಗಳಿಗೆಂದು ಕೊಟ್ಟ ಚಪ್ಪಲಿಯಲ್ಲಿ ನಿಂತೆವು. ಭಾವನ ಹಿಮ್ಮಡಿ ಚಪ್ಪಲಿಯಿಂದ ಹೊರಗಿತ್ತು.

ಎಲ್ಲರೂ ಪುಸ್ತಕ ತೆರೆದರು. ಇಂಚರಾಳ ಬಳಿ ಪುಸ್ತಕವಿರಲಿಲ್ಲ. ಅವಳು ತಲೆ ತಗ್ಗಿಸಿ ಡೆಸ್ಕನ್ನೇ ನೋಡುತ್ತಿದ್ದಳು. ಆಗ ಪಕ್ಕದ ಹುಡುಗಿ, ಶಿಕ್ಷಕಿ ಹೇಳುವ ಮೊದಲೇ, ತನ್ನ ಡೆಸ್ಕನ್ನು ಕರಕರ ಎಳೆದು ಇಂಚರಾಳ ಡೆಸ್ಕಿಗೆ ಅಂಟಿಸಿ, ಪುಸ್ತಕವನ್ನು ಎರಡರ ನಡುವೆ ಇಟ್ಟಳು. ಏನೋ ಪಿಸುಗುಟ್ಟಿದಳು. ಇಂಚರಾ ತಲೆ ಎತ್ತಿದಳು. ಹೊಟ್ಟೆಯ ಮೇಲಿದ್ದ ಕೈ ಪುಸ್ತಕದ ಅಂಚಿಗೆ ಹೋಯಿತು.

ಪಕ್ಕದಲ್ಲಿ ಭಾವ ಏನೋ ಹೇಳುತ್ತಿದ್ದರು. ಅಷ್ಟು ಮೆಲ್ಲಗೆ ಅವರು ಮಾತನಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

"ಅಪ್ಪಂಗೆ ಬೀದರ್‌ಗೆ ಟ್ರಾನ್ಸ್‌ಫರ್ ಆದಾಗ ನನಗೆ ಮೂರನೇ ಕ್ಲಾಸು. ಹೋಗಿ ನೋಡಿದ್ರೆ ಬೆಂಚೆಲ್ಲ ಫುಲ್. ಯಾರೂ ಜರುಗಲಿಲ್ಲ. ನಂಗೆ ಕೇಳೋಕೆ ನಾಚಿಕೆ. ಹಿಂದೆ ಗೋಡೆಗೆ ಒರಗಿ ನಿಂತೆ. ಮುಂದಿನ ಪೀರಿಯಡ್ ಮೇಷ್ಟ್ರು ಬಂದ್ರು. ಹಿಂದಿನ ಮೇಷ್ಟ್ರು ಶಿಕ್ಷೆ ಕೊಟ್ಟು ನಿಲ್ಲಿಸಿದ್ದಾರೆ ಅಂದ್ಕೊಂಡ್ರು. ಅವರಾದ್ಮೇಲೆ ಬಂದವರೂ ಹಾಗೇ ಅಂದ್ಕೊಂಡ್ರು. ಸಂಜೆ ಬೆಲ್ ಹೊಡೆಯೋವರೆಗೂ ನಿಂತೇ ಇದ್ದೆ."

ಅಕ್ಕ ಅವರನ್ನೇ ನೋಡಿದಳು. ಇಷ್ಟು ವರ್ಷ ಸಂಸಾರ ಮಾಡಿಯೂ ಅವಳಿಗೆ ಈ ವಿಷಯ ಗೊತ್ತಿರಲಿಲ್ಲ. "ಮನೇಲಿ ಹೇಳಲಿಲ್ವಾ?" ಎಂದಳು.

"ಹೊಸ ಶಾಲೆ ಹೇಗಿದೆ ಅಂತ ಅಮ್ಮ ಕೇಳಿದ್ಳು. ಚೆನ್ನಾಗಿದೆ ಅಂದೆ."

ಅಕ್ಕ ಅಂಟಿಕೊಂಡಿದ್ದ ಆ ಎರಡು ಡೆಸ್ಕುಗಳ ಕಡೆ ತಿರುಗಿದಳು. "ಬಲಗಡೆಯ ಮನೇನೇ ತಗೊಳ್ಳೋಣ" ಎಂದಳು.

ನಮ್ಮ ಪಿಸುಮಾತು ಶಿಕ್ಷಕಿಯ ಕಿವಿಗೆ ಬಿತ್ತೇನೋ. ಕನ್ನಡದ ಒಂದಕ್ಷರವೂ ಅವರಿಗೆ ತಿಳಿದಿರಲು ಸಾಧ್ಯವಿಲ್ಲ. ಮಕ್ಕಳಿಗೆ ಓದಲು ಹೇಳಿ, ಮೂಲೆಯಲ್ಲಿದ್ದ ಮಕ್ಕಳ ಕುರ್ಚಿಯೊಂದನ್ನು ಎತ್ತಿಕೊಂಡು ಡೆಸ್ಕುಗಳ ನಡುವೆ ನಡೆದು ಬಂದು, ನಮ್ಮ ಮೂವರಲ್ಲಿ ಯಾರನ್ನೂ ಕೇಳದೆ ಭಾವನ ಮುಂದೆಯೇ ಇಟ್ಟು, "ದೋಜೊ" ಎಂದರು. ದಯವಿಟ್ಟು ಕೂತುಕೊಳ್ಳಿ.

ಭಾವ ಹಿಂದೆ ತಿರುಗಿ ನೋಡಿದರು, ಬೇರೆ ಯಾರಿಗೋ ತಂದಿರಬೇಕು ಎನ್ನುವಂತೆ. ಹಿಂದೆ ಗೋಡೆಯಿತ್ತು. ಅವರು ಆ ಕುರ್ಚಿಯನ್ನು ಅಲ್ಲಾಡಿಸಲಿಲ್ಲ, ತಲೆಕೆಳಗು ಮಾಡಲಿಲ್ಲ. ಮೆಲ್ಲಗೆ ಕೂತರು. ಮೊಣಕಾಲುಗಳು ಗಲ್ಲಕ್ಕೆ ತಾಗುವಷ್ಟು ಮೇಲೆ ಬಂದಿದ್ದವು. ಪಾಠ ಮುಗಿದು, ಮಕ್ಕಳೆಲ್ಲ ಆಟಕ್ಕೆ ಓಡಿ, ಇಂಚರಾಳೂ ಆ ಹುಡುಗಿಯ ಹಿಂದೆ ಮೊಲದ ಗೂಡಿನ ಕಡೆ ಹೋದ ಮೇಲೂ ಅವರು ಏಳಲಿಲ್ಲ. ನಾವೂ ಏಳಿ ಎನ್ನಲಿಲ್ಲ.